ಕಪ್ಪು ಕೇಳಿದರೆ ಕಪ್ಪು ಬಂತು

"ಅಮ್ಮಾ, ನಿಮ್ಮ ಮೂಗು ಗಾಜಿಗೆ ತಾಗ್ತಿದೆ," ಎಂದರು ಫೋಟೋ ಕ್ಲಬ್ಬಿನ ಅಧ್ಯಕ್ಷರು. "ಒಂದು ಹೆಜ್ಜೆ ಹಿಂದೆ ನಿಂತ್ರೆ ಚಿತ್ರ ಇನ್ನೂ ಚೆನ್ನಾಗಿ ಕಾಣುತ್ತೆ."

"ದೂರದಿಂದ ನೋಡಿ ಮೆಚ್ಚಿಕೊಂಡಾಯ್ತು," ಎಂದಳು ಸ್ಟುಡಿಯೋದಮ್ಮ. "ಈಗ ಹತ್ತಿರದಿಂದ ನೋಡ್ತಿದ್ದೀನಿ."

ಅವಳ ಕೈಯಲ್ಲಿದ್ದ ಭೂತಗನ್ನಡಿ ಚಿತ್ರದ ಮೇಲೆ ಇಂಚಿಂಚಾಗಿ ತೆವಳುತ್ತಿತ್ತು. ಪ್ರದರ್ಶನ ಮುಚ್ಚುವ ಹೊತ್ತು. ಕಾವಲುಗಾರ ಒಂದೊಂದೇ ಕಿಟಕಿ ಹಾಕುತ್ತಾ ಬಂದು, ಇವರಿಬ್ಬರು ಅಲುಗುವ ಲಕ್ಷಣ ಕಾಣದೆ, ಮತ್ತೆ ಮೊದಲ ಕಿಟಕಿಯ ಹತ್ತಿರ ಹೋಗಿ ಕುರ್ಚಿ ಎಳೆದುಕೊಂಡು ಕೂತ.

ಅಧ್ಯಕ್ಷರೇ ತೆಗೆದ ಆ ಚಿತ್ರಕ್ಕೆ ಮೊದಲ ಬಹುಮಾನ ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೆರೆಯ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತ ಕಂಚಿನಜ್ಜಿಯ ಪ್ರತಿಮೆ, ಒಂದು ಪಾದ ನೀರಿನಲ್ಲಿ, ಬಲಗೈ ನೀರಿನ ಮೇಲೆ ಚಾಚಿದೆ. ಅಂಗೈಯಲ್ಲಿ ಗುಬ್ಬಿ. ಗುಬ್ಬಿ ಅಂತ ಊರವರು ಪ್ರೀತಿಗೆ ಕರೆಯುವುದು, ಗಾತ್ರದಲ್ಲಿ ಅದೊಂದು ಚೆನ್ನಾಗಿ ತಿಂದುಂಡ ಕೋಳಿ. ಅಜ್ಜಿಯ ತಲೆಯ ಮೇಲೆ ಆಕಾಶದ ತುಂಬ ಬೆಳ್ಳಗೆ ಬಾಣಬಿರುಸು. ಇಡೀ ಮೂಲೆ ಬೆಳಗುವಷ್ಟು ಚೆಂದ.

ಆದರೆ ಈ ಚೆಂದದ ಚಿತ್ರವೇ ಅವಳ ಭಾವನ ಕುತ್ತಿಗೆಗೆ ಬಂದಿತ್ತು. ಹೊಸ ಸೇತುವೆ ತೆರೆದ ರಾತ್ರಿ ಕೆರೆಯ ನಡುವಿನ ತೆಪ್ಪದಿಂದ ಬಾಣಬಿರುಸು ಹಾರಿಸಿದವರು ಅವಳ ಅಕ್ಕನ ಗಂಡ. ಬೆಳಗಾಗುವಷ್ಟರಲ್ಲಿ ಅಜ್ಜಿಯ ಅಂಗೈ ಖಾಲಿ. ಕೊನೆಯ ಪಟಾಕಿಯವರೆಗೆ ಗುಬ್ಬಿ ಇದ್ದದ್ದಕ್ಕೆ ಈ ಚಿತ್ರವೇ ಸಾಕ್ಷಿ, ಆದ್ದರಿಂದ ಕೊನೆಯ ಪಟಾಕಿ ತಗುಲಿಯೇ ಅದು ಕೆರೆಗೆ ಬಿತ್ತು, ಹಾರಿಸಿದವನದೇ ತಪ್ಪು ಎಂದು ಪುರಸಭೆಯ ಮುಖ್ಯಾಧಿಕಾರಿಗಳು ತೀರ್ಮಾನಿಸಿದ್ದರು. ನಾಳೆ ಬೆಳಿಗ್ಗೆ ಭಾವನ ಲೈಸೆನ್ಸು ರದ್ದು.

ಭಾವನಿಂದ ಬಾಣಬಿರುಸು ಕಿತ್ತುಕೊಂಡರೆ ಉಳಿಯುವುದು ಬರೀ ಮೀಸೆ, ಎಂದು ಅಕ್ಕ ನಿನ್ನೆ ನಗುತ್ತಲೇ ಹೇಳಿದ್ದಳು. ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬಂದಿರಲಿಲ್ಲ.

"ಇದು ಒಂದೇ ಸಲಕ್ಕೆ ತೆಗೆದದ್ದಾ?" ಎಂದು ಕೇಳಿದಳು ಸ್ಟುಡಿಯೋದಮ್ಮ.

"ಒಂದೇ ಫ್ರೇಮು. ಜೋಡಣೆ, ಅಂಟಿಸೋದು ಏನೂ ಇಲ್ಲ. ಸ್ಪರ್ಧೆಯ ನಿಯಮ ಹಾಗಿದೆ."

"ನಿಯಮ ಬರೆದೋರು ಯಾರು?"

"ನಾನೇ," ಎಂದರು ಅಧ್ಯಕ್ಷರು. ಅವರ ಕೈ ತಾನಾಗಿ ಎದೆಯ ಮೇಲಿನ ಜೇಬಿಗೆ ಹೋಗಿ ಜಿಪ್ಪು ಎಳೆಯಿತು. ಅವರದು ಮೈತುಂಬ ಜೇಬುಗಳಿರುವ ಅಂಗಿ. ಮನಸ್ಸು ನೆಟ್ಟಗಿದ್ದಾಗ ಕೈ ಸುಮ್ಮನಿರುತ್ತಿತ್ತು, ಮನಸ್ಸು ಡೊಂಕಾದರೆ ಜಿಪ್ಪುಗಳು ಜುರ್ರೆನ್ನುತ್ತಿದ್ದವು. ಇದನ್ನು ಸ್ಟುಡಿಯೋದಮ್ಮ ಬಂದ ಐದು ನಿಮಿಷಕ್ಕೇ ಗಮನಿಸಿಕೊಂಡಿದ್ದಳು.

ಅವಳ ಬ್ಯಾಗಿನಲ್ಲೂ ಒಂದು ಚಿತ್ರವಿತ್ತು. ಬಹುಮಾನಕ್ಕಿರಲಿ, ಕಸದ ಬುಟ್ಟಿಗೂ ನಾಚಿಕೆ ತರುವಂಥದ್ದು. ಆ ಚಿತ್ರ ಹಾಳಾದ ಕಥೆ ಈಗಾಗಲೇ ಅರ್ಧ ಊರಿಗೆ ಗೊತ್ತಾಗಿತ್ತು, ಏಕೆಂದರೆ ಅದನ್ನು ಹಂಚಿದವರು ಭಾವ, ಮತ್ತು ಭಾವನಿಗೆ ಮೆಲ್ಲಗೆ ಮಾತಾಡಲು ಬಾರದು.

ಬಾಣಬಿರುಸಿನ ಚಿತ್ರ ತೆಗೆಯುವವರು ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ, ಶಟರು ತೆರೆದು ಬಿಟ್ಟಿರುತ್ತಾರೆ. ಒಂದು ಹೂ ಆಕಾಶದಲ್ಲಿ ಅರಳಿ ಬಾಡುತ್ತಿದ್ದಂತೆ ಲೆನ್ಸಿನ ಮುಂದೆ ಕಪ್ಪು ರಟ್ಟು ಅಡ್ಡ ಹಿಡಿಯುತ್ತಾರೆ. ಮುಂದಿನದು ಮೇಲೆದ್ದಾಗ ರಟ್ಟು ತೆಗೆಯುತ್ತಾರೆ. ಹೀಗೆ ಒಂದೇ ಚಿತ್ರದಲ್ಲಿ ಮೂರು ನಾಲ್ಕು ಹೂ ಅರಳುತ್ತವೆ, ನಡುವಿನ ಕತ್ತಲೆ ಮಾತ್ರ ದಾಖಲಾಗುವುದಿಲ್ಲ. ಆ ರಟ್ಟಿಗೆ ಇವರ ಸ್ಟುಡಿಯೋದಲ್ಲಿ ಅಪ್ಪನ ಕಾಲದಿಂದಲೂ ಒಂದೇ ಹೆಸರು: ಕಪ್ಪು.

ಆ ರಾತ್ರಿ ರಟ್ಟು ಕೊಡಲು ಅಕ್ಕ ಜೊತೆಗೆ ಬಂದಿದ್ದಳು. ಮೊದಲ ಕೆಂಪು ಹೂ ಬಾಡುತ್ತಿದ್ದಂತೆ ಅವಳು ಆಕಾಶದಿಂದ ಕಣ್ಣು ಕೀಳದೆ ಕೈ ಹಿಂದಕ್ಕೆ ಚಾಚಿ "ಕಪ್ಪು" ಅಂದಳು. ಕೈಗೆ ಬಂದದ್ದು ಬಿಸಿ ಬಿಸಿ ಟೀ ತುಂಬಿದ ಕಪ್ಪು.

ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು. ನಕ್ಕ ರಭಸಕ್ಕೆ ಅರ್ಧ ಟೀ ಸೆರಗಿಗೆ ಚೆಲ್ಲಿತು, ಉಳಿದರ್ಧವನ್ನು ಕೆರೆಗೆ ಬೆನ್ನು ಹಾಕಿ ನಿಧಾನವಾಗಿ ಕುಡಿದಳು. ಅಷ್ಟು ಹೊತ್ತೂ ಶಟರು ಬಾಯಿ ತೆರೆದುಕೊಂಡೇ ಇತ್ತು. ಅವಳು ತಿರುಗುವಷ್ಟರಲ್ಲಿ ಎರಡನೆಯದು, ಬಂಗಾರದ್ದು, ಎದ್ದು ಅರಳಿ ಇಳಿಯುತ್ತಿತ್ತು. ಹೋಯಿತು ಒಂದು ಚಿತ್ರ ಎಂದುಕೊಂಡು ಹೊಸದಕ್ಕೆ ಶುರು ಮಾಡಿದಳು. ಮನೆಗೆ ಹೋದ ಮೇಲೆ ಭಾವ ಹೊಟ್ಟೆ ಹಿಡಿದು ನಕ್ಕರು. ನಿಮ್ಮಕ್ಕನಿಗೆ ವಯಸ್ಸಾಯ್ತು, ಕಪ್ಪು ಕೇಳಿದರೆ ಕಪ್ಪು ಕೊಟ್ಟಳು ಎಂದು ಹಾಲಿನವನಿಗೂ ಹೇಳಿದರು, ಅಂಚೆಯವನಿಗೂ ಹೇಳಿದರು. ಅಕ್ಕನೂ ಅವರೊಂದಿಗೆ ನಕ್ಕಳು.

ಈ ದಿನ ಬೆಳಿಗ್ಗೆ ಆ ಹಾಳು ಚಿತ್ರವನ್ನು ಅಳಿಸಲು ಹೊರಟವಳ ಬೆರಳು ಅಲ್ಲೇ ನಿಂತಿತು.

ಕೆಂಪು ಹೂವಿನ ಎದುರು ಗುಬ್ಬಿಯ ಕರಿ ಆಕಾರ ಕತ್ತರಿಸಿ ಇಟ್ಟ ಹಾಗೆ ಸ್ಪಷ್ಟವಾಗಿತ್ತು. ಬಂಗಾರದ ಎಳೆಗಳು ಮಾತ್ರ ಅದೇ ಗುಬ್ಬಿಯ ಎದೆಯ ಮೇಲಿಂದ, ಅಲ್ಲಿ ಏನೂ ಇಲ್ಲವೆಂಬಂತೆ, ನೇರ ಕೆಳಕ್ಕೆ ಇಳಿದಿದ್ದವು. ಕಂಚಿನ ಹಕ್ಕಿಯ ಹಿಂದಿನ ಬೆಳಕು ಹಕ್ಕಿಯನ್ನು ತೂರಿ ಕಾಣುವುದುಂಟೇ? ಕೆಂಪು ಅರಳಿದಾಗ ಗುಬ್ಬಿ ಇತ್ತು. ಬಂಗಾರ ಅರಳಿದಾಗ ಇರಲಿಲ್ಲ. ಅವಳು ಟೀ ಕುಡಿಯುತ್ತಿದ್ದಾಗ ಯಾರೋ ಗುಬ್ಬಿಯನ್ನು ಒಯ್ದಿದ್ದರು.

ಹಾಗಾದರೆ ಕೊನೆಯ ಬಿಳಿ ಬಾಣಬಿರುಸಿನ ಕೆಳಗೆ ಅಧ್ಯಕ್ಷರ ಚಿತ್ರದಲ್ಲಿ ಕೂತಿರುವ ಈ ಗುಬ್ಬಿ ಎಲ್ಲಿಯದು?

ಭೂತಗನ್ನಡಿ ಕೆಳಗಿಳಿಯಿತು. ಅಜ್ಜಿಯ ಮುಖ ದಾಟಿತು, ಚಾಚಿದ ಕೈ ದಾಟಿತು, ನೀರಿನಲ್ಲಿ ಮುಳುಗಿದ ಪಾದದ ಹತ್ತಿರ ಬಂದು ನಿಂತಿತು. ಸ್ಟುಡಿಯೋದಮ್ಮನ ಹುಬ್ಬು ಮೇಲೇರಿತು.

"ಅಧ್ಯಕ್ಷರೇ, ನೀರು ನೋಡಿದ್ದೀರಾ?"

"ಕುಡಿಯೋಕೆ ಬೇಕಿತ್ತಾ?"

"ಕುಡಿಯೋ ನೀರಲ್ಲ. ನಿಮ್ಮ ಚಿತ್ರದ ನೀರು." ಅವಳು ಭೂತಗನ್ನಡಿಯನ್ನು ಅವರ ಕೈಗಿಟ್ಟಳು. "ಆಕಾಶದಲ್ಲಿ ಬೆಳ್ಳಗೆ ಅರಳಿದೆ. ಕೆರೆಯಲ್ಲಿ ಯಾಕೆ ಕೆಂಪಗಿದೆ?"

ಅಧ್ಯಕ್ಷರು ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. ಅಜ್ಜಿಯ ಪಾದದ ಸುತ್ತ, ಕೆರೆಯ ಅಲೆಯಲೆಯಲ್ಲೂ, ಕೆಂಪು ಬೆಳಕು ಚೂರು ಚೂರಾಗಿ ತೇಲುತ್ತಿತ್ತು. ಬಿಳಿಯದೊಂದು ಚುಕ್ಕೆಯೂ ಇರಲಿಲ್ಲ.

ಎದೆಯ ಜಿಪ್ಪು ಜುರ್ರೆಂದಿತು. ತೋಳಿನ ಜಿಪ್ಪು ಜುರ್ರೆಂದಿತು. ಸೊಂಟದ ಹತ್ತಿರ ಇನ್ನೊಂದು.

"ಅಜ್ಜಿ, ಗುಬ್ಬಿ, ನೀರು ಇವೆಲ್ಲ ಮೊದಲನೇ ಹೂವಿನ ಹೊತ್ತಿನವು," ಎಂದಳು ಅವಳು, ಸಿಟ್ಟಿಲ್ಲದೆ. "ಆಕಾಶ ಮಾತ್ರ ಕೊನೇದು. ಹೌದೋ ಅಲ್ವೋ?"

ಅಧ್ಯಕ್ಷರು ಕಾವಲುಗಾರನ ಕಡೆ ನೋಡಿದರು. ಅವನು ತೂಕಡಿಸುತ್ತಿದ್ದ. ಅವರು ದನಿ ತಗ್ಗಿಸಿ, ತಾವು ಮೋಸಗಾರರಲ್ಲವೆಂದೂ ಎರಡೂ ಚಿತ್ರ ತಮ್ಮ ಕೈಯಿಂದಲೇ ತೆಗೆದದ್ದೆಂದೂ ಹೇಳಿಕೊಂಡರು. ಕೊನೆಯ ಬಾಣಬಿರುಸು ತಾವು ಎಣಿಸಿದ್ದಕ್ಕಿಂತ ಬಹಳ ಎತ್ತರಕ್ಕೆ ಹೋಯಿತಂತೆ. ಅವಸರದಲ್ಲಿ ಕ್ಯಾಮೆರಾ ಮೇಲಕ್ಕೆತ್ತಿದಾಗ ಆಕಾಶ ಸಿಕ್ಕಿತು, ಅಜ್ಜಿ ತಪ್ಪಿಹೋದಳು. ಮನೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಮೊದಲಿನ ಅಜ್ಜಿಗೆ ಕೊನೆಯ ಆಕಾಶ ಹೊಲಿದರು.

"ಹೊಲಿಗೆ ಕಾಣುತ್ತಾ ಅಂತ ನನ್ನ ಹೆಂಡ್ತಿಗೆ ತೋರಿಸ್ದೆ," ಎಂದರು. "ಕಾಣಲ್ಲ ಅಂದ್ಲು."

"ಹೊಲಿಗೆ ನಿಜವಾಗ್ಲೂ ಕಾಣಲ್ಲ. ಕೈಚಳಕ ಚೆನ್ನಾಗಿದೆ. ಆದ್ರೆ ನಿಮ್ಮ ಬಹುಮಾನಕ್ಕೆ ನಮ್ಮ ಭಾವನ ಲೈಸೆನ್ಸು ಹೋಗ್ತಿದೆಯಲ್ಲ."

ಅದು ಅಧ್ಯಕ್ಷರಿಗೆ ನಿಜಕ್ಕೂ ಹೊಳೆದಿರಲಿಲ್ಲ. ಮುಖ್ಯಾಧಿಕಾರಿಗಳು ಚಿತ್ರದ ಒಂದು ಪ್ರತಿ ಕೇಳಿದಾಗ ಕಚೇರಿಯ ಗೋಡೆಗೆ ತೂಗುಹಾಕುತ್ತಾರೆಂದು ಹಿಗ್ಗಿ, ಕಟ್ಟು ಹಾಕಿಸಿಯೇ ಕಳಿಸಿದ್ದರಂತೆ. ಈಗ ಅವರ ಮುಖ ಸಪ್ಪಗಾಯಿತು. ಆಮೇಲೆ ತಾವೇ ಕೈ ಚಾಚಿ ಬಹುಮಾನದ ರಿಬ್ಬನ್ನು ಬಿಚ್ಚಿ, ಮಡಿಸಿ, ಒಂದು ಜೇಬಿಗೆ ಹಾಕಿ ಜಿಪ್ಪು ಎಳೆದರು. ಈ ಸಲದ ಜುರ್ರು ನೆಟ್ಟಗಿತ್ತು.

ಅಲ್ಲೇ ನಿಂತು ಮುಖ್ಯಾಧಿಕಾರಿಗಳಿಗೆ ಫೋನು ಮಾಡಿದರು. ಚಿತ್ರ ಸಾಕ್ಷಿಗೆ ಲಾಯಕ್ಕಲ್ಲ, ಆಕಾಶ ಒಂದು ಹೊತ್ತಿನದು ನೆಲ ಒಂದು ಹೊತ್ತಿನದು ಎಂದು ಒಪ್ಪಿಕೊಂಡರು. ಸ್ಟುಡಿಯೋದಮ್ಮ ಫೋನು ಇಸಿದುಕೊಂಡು ತನ್ನ ಚಿತ್ರದ ವಿಷಯ ಹೇಳಿದಳು. ಕೆಂಪಿಗೂ ಬಂಗಾರಕ್ಕೂ ನಡುವೆ ಗುಬ್ಬಿ ಮಾಯವಾಗಿದೆ, ಆ ಹೊತ್ತಿನಲ್ಲಿ ಒಂದೇ ಒಂದು ಪಟಾಕಿ ಹಾರಿಲ್ಲ, ಇದು ಕಳ್ಳತನವೇ ಹೊರತು ಅಪಘಾತವಲ್ಲ.

ಆ ಕಡೆಯಿಂದ ಮುಖ್ಯಾಧಿಕಾರಿಗಳ ದನಿ ಬಂತು. "ಸರಿನಮ್ಮ. ಪಟಾಕಿ ಅಲ್ಲ ಅಂತ ಇಟ್ಕೊಳ್ಳೋಣ. ಹಾಗಾದ್ರೆ ಯಾರು? ಊರಿನ ಗುಬ್ಬಿ ಕಾಣ್ತಿಲ್ಲ, ಜನ ನನ್ನ ಕೇಳ್ತಾರೆ. ನಾಳೆ ಬೆಳಿಗ್ಗೆ ಬಂದು ಹೆಸರು ಹೇಳಿ, ನಿಮ್ಮ ಭಾವನ ಫೈಲು ಹರಿದು ಹಾಕ್ತೀನಿ. ಹೆಸರಿಲ್ಲ ಅಂದ್ರೆ ಸಹಿ ಹಾಕ್ತೀನಿ."

ಹೆಸರು ತಾನೇ, ಒಂದು ಸಂಜೆ ಸಾಕು ಎಂದುಕೊಂಡಳು ಸ್ಟುಡಿಯೋದಮ್ಮ. ಮೆಟ್ಟಿಲಿಳಿದು ಬೀದಿಗೆ ಬಂದಾಗ ಅವಳಿಗೆ ನಡೆಯಲಾಗಲಿಲ್ಲ, ಓಡಬೇಕೆನ್ನಿಸಿತು. ನಲವತ್ತೈದರ ಮೇಲೆ ಬೀದಿಯಲ್ಲಿ ಓಡಿದರೆ ಜನ ನಾಯಿ ಅಟ್ಟಿಸಿಕೊಂಡು ಬಂತೆಂದು ತಿಳಿಯುತ್ತಾರೆ. ಆದರೂ ತಿರುವು ದಾಟಿದ ಮೇಲೆ ಸ್ವಲ್ಪ ಓಡಿದಳು.

ಭಾವ ಹಿತ್ತಲಿನಲ್ಲಿ ಕಾಗದದ ಕೊಳವೆಗಳನ್ನು ಒಣಗಲು ಸಾಲಾಗಿ ನಿಲ್ಲಿಸುತ್ತಿದ್ದರು. ನಾಳೆ ಲೈಸೆನ್ಸು ಹೋಗುವ ಮನುಷ್ಯ ಇಂದು ಕೊಳವೆ ಒಣಗಿಸುತ್ತಾನೆಯೇ ಎಂದು ಯಾರಾದರೂ ಕೇಳಿದರೆ, ನಾಳಿನದು ನಾಳೆ, ಅಂಟು ಇವತ್ತು ಹಸಿ ಇದೆ ಎನ್ನುತ್ತಿದ್ದರು. ಹುಟ್ಟಾ ಅಂಥ ಜೀವ.

ಸುದ್ದಿಯನ್ನು ಅವಳು ಎರಡು ಸಲ ಹೇಳಬೇಕಾಯಿತು, ಎರಡನೆಯ ಸಲ ಕೂಗಿ. ಇಷ್ಟು ವರ್ಷ ಬಾಣಬಿರುಸಿನ ಪಕ್ಕದಲ್ಲೇ ಬದುಕಿ ಭಾವನ ಕಿವಿ ತನ್ನ ಪಾಲಿನ ಕೆಲಸ ಮುಗಿಸಿ ಕೂತಿತ್ತು. ಆದ್ದರಿಂದ ಈ ಮನೆಯಲ್ಲಿ ಪಿಸುಮಾತು ಎಂಬುದೇ ಇರಲಿಲ್ಲ. ಗುಟ್ಟು, ಬೈಗುಳ, ಮುದ್ದು, ಯಾವುದಿದ್ದರೂ ಬೀದಿಯ ಕೊನೆಗೆ ಕೇಳಿಸುತ್ತಿತ್ತು.

"ನೀರು ಕೆಂಪಗಿತ್ತಾ?" ಎಂದು ಭಾವ ಗುಡುಗಿದರು. "ಶಾಭಾಸ್ ನಾದಿನಮ್ಮ. ಲೇ, ಕೇಳಿದ್ಯೇನೇ? ನಿನ್ನ ತಂಗಿ ನೀರಲ್ಲಿ ಹಿಡಿದ್ಲಂತೆ ಕಳ್ಳನ್ನ."

"ಕಳ್ಳನ್ನ ಇನ್ನೂ ಹಿಡಿದಿಲ್ಲ ಭಾವ. ಸುಳ್ಳನ್ನ ಹಿಡಿದೆ ಅಷ್ಟೇ."

ಭಾವನಿಗೆ ಅಷ್ಟೇ ಸಾಕಾಗಿತ್ತು. ಎರಡೂ ತೋಳು ಅಗಲಿಸಿ ಕೊಳವೆಗಳ ನಡುವೆ ಒಂದು ಸುತ್ತು ಕುಣಿದರು. ಮೂರು ಕೊಳವೆ ಬಿದ್ದವು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು, ಮುಖದಲ್ಲಿ ನಗು ತುಂಬಿತು. ಟೀ ಇಡುತ್ತೇನೆಂದು ಒಳಗೆ ತಿರುಗಿದಳು.

ನಡುಮನೆಯ ಮೇಜಿನ ಮೇಲೆ ಸ್ಟುಡಿಯೋದಮ್ಮ ತನ್ನ ಸಾಮಾನು ಹರಡಿದಳು. ಕ್ಯಾಮೆರಾ, ಲ್ಯಾಪ್‌ಟಾಪು, ಬ್ಯಾಗಿನ ತಳದಲ್ಲಿ ಸಿಕ್ಕ ಕಪ್ಪು ರಟ್ಟು. ರಟ್ಟಿನ ಜೊತೆಗೆ ಆ ರಾತ್ರಿಯ ಟೀ ಕಪ್ಪೂ ಬಂತು. ಗಲಾಟೆಯಲ್ಲಿ ಅವಳು ಅದನ್ನೂ ಬ್ಯಾಗಿಗೆ ತುರುಕಿಕೊಂಡು ಬಂದಿದ್ದಳು. ತೊಳೆದಿರಲೂ ಇಲ್ಲ. ಬಿಳಿ ಕಪ್ಪು, ನೀಲಿ ಅಂಚು.

"ಭಾವ, ಕೆಂಪು ಆದ ಮೇಲೆ ಬಂಗಾರಕ್ಕೆ ಯಾಕೆ ಅಷ್ಟು ಹೊತ್ತು ತಗೊಂಡ್ರಿ?"

ಅದು ಭಾವನಿಗೆ ಇಷ್ಟದ ವಿಷಯ. ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಮೊದಲನೆಯದಕ್ಕೆ ಅವರಿಟ್ಟ ಹೆಸರು ಕೆಂಪು ದಾಸವಾಳ. ಅದು ಬಿಟ್ಟು ಹೋಗುವ ಹೊಗೆ ವಿಪರೀತ. ಹೊಗೆ ಸರಿಯುವ ಮುಂಚೆ ಬಂಗಾರದ ಜಡೆ ಬಿಟ್ಟರೆ ಜಡೆಗೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಆದ್ದರಿಂದ ಅಲ್ಲಿ ಅವರು ಬೇಕೆಂದೇ ನಿಲ್ಲಿಸುತ್ತಾರೆ. ಜನ ಏನಾಯಿತೋ ಎಂದು ಕತ್ತಲಲ್ಲಿ ತೆಪ್ಪವನ್ನೇ ದಿಟ್ಟಿಸುತ್ತಾರೆ, ಆಗ ಜಡೆ ಬಿಚ್ಚಿಕೊಳ್ಳಬೇಕು.

"ಅಂದ್ರೆ ಆ ಹೊತ್ತಿಗೆ ಅಜ್ಜಿ ಕಡೆ ಒಬ್ಬರೂ ನೋಡಲ್ಲ."

"ನೋಡೋ ಹಾಗಿಲ್ಲ. ಅದೇ ನನ್ನ ಕಸುಬು."

"ಅಲ್ಲಿ ನಿಲ್ಲಿಸ್ತೀರಿ ಅಂತ ಯಾರ್ಯಾರಿಗೆ ಗೊತ್ತು?"

"ತೆಪ್ಪದಲ್ಲಿರೋ ನನ್ನ ಹುಡುಗರಿಗೆ ಗೊತ್ತು. ಮನೇಲಿ ಗೊತ್ತು. ಬೇರೆಯವರಿಗೆ ಹೇಳಿದ್ರೆ ಮಜಾ ಎಲ್ಲಿ ಉಳಿಯುತ್ತೆ?"

ಸ್ಟುಡಿಯೋದಮ್ಮ ಹಾಳು ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿದಳು. ಅಜ್ಜಿಯ ಚಾಚಿದ ಕೈ ಕರ್ರಗೆ ಅಡ್ಡ ಬಂತು. ಗುಬ್ಬಿಯ ಜಾಗದಲ್ಲಿ ಕೆಂಪಿಗೆ ಕತ್ತಲು, ಬಂಗಾರಕ್ಕೆ ಬೆಳಕು. ಇಷ್ಟನ್ನು ಬೆಳಿಗ್ಗೆಯೇ ಕಂಡಿದ್ದಳು. ಈಗ ಅವಳು ಇನ್ನೊಂದನ್ನು ಹುಡುಕುತ್ತಿದ್ದಳು. ಕಪ್ಪು ಹಿಡಿದಿದ್ದರೆ ಆ ಕತ್ತಲೆಯಲ್ಲಿ ನಡೆದದ್ದೊಂದೂ ಚಿತ್ರಕ್ಕೆ ಸೇರುತ್ತಿರಲಿಲ್ಲ. ಕಪ್ಪು ಹಿಡಿಯಲಿಲ್ಲ. ಅವಳು ಬೆನ್ನು ತಿರುಗಿಸಿ ಟೀ ಹೀರುತ್ತಿದ್ದಾಗಲೂ ಕ್ಯಾಮೆರಾ ಕಣ್ಣು ಮಿಟುಕಿಸದೆ ನೋಡುತ್ತಲೇ ಇತ್ತು.

ಚಿತ್ರವನ್ನು ಸ್ವಲ್ಪ ಬೆಳ್ಳಗೆ ಮಾಡಿದಳು. ಇನ್ನೂ ಸ್ವಲ್ಪ.

ಅಜ್ಜಿಯ ಮಡಿಲ ಹತ್ತಿರ ಒಂದು ಕೆಂಪು ಚುಕ್ಕೆ ಕಂಡಿತು. ಪಕ್ಕದಲ್ಲಿ ಇನ್ನೊಂದು. ಸೂಜಿಯಲ್ಲಿ ಚುಚ್ಚಿದಷ್ಟೇ ಸಣ್ಣ ಚುಕ್ಕೆಗಳ ಸಾಲು. ಮಡಿಲಿನಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ ಹತ್ತಿ, ಅಲ್ಲಿ ಚುಕ್ಕೆಗಳೆಲ್ಲ ಗುಂಪಾಗಿ ನಿಂತು, ಮತ್ತೆ ಬಂದ ದಾರಿಯಲ್ಲೇ ಇಳಿದಿದ್ದವು.

ಮಕ್ಕಳು ದಿನಾ ಸಂಜೆ ಅಜ್ಜಿಯ ಮಡಿಲು ಹತ್ತಿ ತೋಳಿನ ಮೇಲೆ ಜಾರುತ್ತಾರೆ. ಹತ್ತುವುದು ಕಷ್ಟವೇನಲ್ಲ. ಗುಬ್ಬಿಯ ಬೋಲ್ಟು ಸಡಿಲವಾಗಿ, ಗಾಳಿ ಬಂದರೆ ಅದು ಟಕಟಕ ಅನ್ನುತ್ತಿದ್ದದ್ದೂ ಕೆರೆಯ ಸುತ್ತ ನಡೆದಾಡುವವರಿಗೆಲ್ಲ ಗೊತ್ತು. ಒಳಗೆ ಟೊಳ್ಳು, ಭಾರವೂ ಇಲ್ಲ. ಆದರೆ ಕದಿಯಲು ಹೋದವರು ಮೈಮೇಲೆ ಮಿಣುಕುವ ದೀಪ ಇಟ್ಟುಕೊಂಡು ಹೋಗುತ್ತಾರೆಯೇ?

"ಭಾವ, ಈ ಥರ ಆರಿ ಹತ್ತೋ ಕೆಂಪು ದೀಪ ಯಾವುದು?"

ಭಾವ ಕನ್ನಡಕ ಏರಿಸಿ ನೋಡಿದರು. ಒಮ್ಮೆಗೇ ಅವರ ಮುಖ ಅರಳಿತು. ಎದ್ದು ಗೂಟದಿಂದ ತಮ್ಮ ಬೆಲ್ಟು ತಂದು ಮೇಜಿನ ಮೇಲೆ ಹಾಕಿದರು. ಬೆಲ್ಟಿನ ಹಿಂಬದಿಗೆ ಬಟಾಣಿ ಗಾತ್ರದ ಕೆಂಪು ದೀಪವೊಂದು ಹೊಲಿದಿತ್ತು. ಗುಂಡಿ ಒತ್ತಿದರೆ ಮಿಣುಕತೊಡಗಿತು.

"ನನ್ನ ಐಡಿಯಾ," ಎಂದರು ಹೆಮ್ಮೆಯಿಂದ. "ಕತ್ತಲಲ್ಲಿ ತೆಪ್ಪದ ಮೇಲೆ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಬೇಕಲ್ಲ. ಬೆನ್ನ ಹಿಂದೆ ಯಾಕೆ ಅಂದ್ರೆ, ಮುಂದೆ ಇದ್ರೆ ಹಾಕಿಕೊಂಡೋನ ಕಣ್ಣಿಗೇ ಚುಚ್ಚುತ್ತೆ. ಹಿಂದೆ ಇದ್ರೆ ಇದೆ ಅನ್ನೋದೇ ಮರೆತುಹೋಗುತ್ತೆ."

ಹಾಕಿಕೊಂಡವರಿಗೆ ಮರೆತುಹೋಗುತ್ತದೆ. ಸ್ಟುಡಿಯೋದಮ್ಮನ ಬೆನ್ನು ನೆಟ್ಟಗಾಯಿತು. "ಹುಡುಗರಲ್ಲಿ ಯಾರಾದ್ರೂ ದಂಡೆಗೆ ಬಂದಿದ್ರಾ?"

"ಈಜಿಕೊಂಡಾ? ಒಬ್ಬನಿಗೂ ಈಜು ಬರಲ್ಲ. ಎಲ್ಲರೂ ನನ್ನ ಕಣ್ಣ ಮುಂದೆನೇ ಇದ್ರು. ದೀಪ ಎಣಿಸಿಕೊಂಡೇ ನಾನು ಬತ್ತಿ ಹಚ್ಚೋದು."

"ಹಾಗಾದ್ರೆ ದಂಡೆ ಮೇಲೆ ಇಂಥ ದೀಪ ಒಂದೂ ಇರಲಿಲ್ಲ."

"ಒಂದಿತ್ತಲ್ಲ," ಎಂದರು ಭಾವ, ಬೆಲ್ಟನ್ನು ಸುರುಳಿ ಸುತ್ತುತ್ತಾ. "ನಿಮ್ಮಕ್ಕನಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ, ಎಲ್ಲಾದ್ರೂ ಕಳೆದುಹೋಗ್ತಾಳೆ ಅಂತ ಒಂದು ಅವಳ ಸೊಂಟಕ್ಕೆ ಸಿಗಿಸಿ ಕಳಿಸಿದ್ದೆ. ತೆಪ್ಪದಿಂದ ನೋಡಿದ್ರೆ ನನ್ನ ಹೆಂಡ್ತಿ ಎಲ್ಲಿದ್ದಾಳೆ ಅಂತ ನನಗೂ ಕಾಣುತ್ತೆ."

ಸ್ಟುಡಿಯೋದಮ್ಮ ಮೊದಲು ನಕ್ಕಳು. ಮೊಣಕಾಲು ನೋವೆಂದು ಏಣಿ ಹತ್ತದ ಅಕ್ಕ ಕಂಚಿನಜ್ಜಿಯ ತೋಳು ಹತ್ತುವುದನ್ನು ನೆನೆಸಿಕೊಂಡರೆ ನಗು ಬಾರದೆ ಇರುವುದು ಹೇಗೆ? ಅದೂ ಅಲ್ಲದೆ ಆ ಹೊತ್ತಿಗೆ ಅಕ್ಕ ಇದ್ದದ್ದು ತನ್ನ ಬೆನ್ನ ಹಿಂದೆಯೇ. ಟೀ ಕೊಟ್ಟವಳೇ ಅವಳು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

"ಏನು ನಗು?" ಎಂದು ಕೇಳುತ್ತಾ ಅಕ್ಕ ಟೀ ತಟ್ಟೆ ತಂದು ಮೇಜಿನ ಮೇಲಿಟ್ಟಳು.

"ನೀನೇ ಕಳ್ಳಿ ಅಂತೆ," ಎಂದು ಭಾವ ಗಹಗಹಿಸಿದರು. "ಕಪ್ಪು ಕೇಳಿದ್ರೆ ಕಪ್ಪು ಕೊಟ್ಟೋಳು ಗುಬ್ಬಿ ಬೇರೆ ಕದೀತಾಳೆ."

ಅಕ್ಕನೂ ನಕ್ಕಳು. ಭಾವನ ಮುಂದೆ ಒಂದು ಕಪ್ಪು, ತಂಗಿಯ ಮುಂದೆ ಒಂದು ಕಪ್ಪು ಸರಿಸಿದಳು. ಹಸಿರು ಅಂಚಿನ ಕಪ್ಪುಗಳು. ಈ ಮನೆಯಲ್ಲಿ ಇರುವವೆಲ್ಲ ಹಸಿರು ಅಂಚಿನವೇ.

ಸ್ಟುಡಿಯೋದಮ್ಮನ ಕಣ್ಣು ಹಸಿರು ಅಂಚಿನಿಂದ ಪಕ್ಕದಲ್ಲಿದ್ದ ನೀಲಿ ಅಂಚಿಗೆ ಹೋಯಿತು. ಅಲ್ಲಿಂದ ಕಪ್ಪು ರಟ್ಟಿಗೆ ಹೋಯಿತು. ಆ ರಾತ್ರಿ ಕಪ್ಪು ಕೊಟ್ಟವರ ಮುಖ ತಾನು ನೋಡಿರಲಿಲ್ಲ, ನಕ್ಕು ತಿರುಗುವಷ್ಟರಲ್ಲಿ ಹಿಂದೆ ಬರೀ ಕತ್ತಲು. ಕೈ ಹಿಂದಕ್ಕೆ ಚಾಚಿದ್ದಳು, ಒಂದು ಕೈ ಕಪ್ಪು ಕೊಟ್ಟಿತ್ತು, ಅಷ್ಟೇ. ಅಕ್ಕ ಅಲ್ಲಿ ಇದ್ದಳು ಎಂದು ತನಗೆ ಹೇಳಿದ್ದು ಯಾರು? ತಾನೇ ಹೇಳಿಕೊಂಡಿದ್ದಳು. ಅಕ್ಕ ಹೌದೆನ್ನಲಿಲ್ಲ, ಅಲ್ಲವ್ವ ನಾನಲ್ಲ ಎಂದೂ ಅನ್ನಲಿಲ್ಲ. ಬರೀ ನಕ್ಕಿದ್ದಳು.

ಅಪ್ಪನ ಸ್ಟುಡಿಯೋ ನೆನಪಾಯಿತು. ಅಪ್ಪ "ಕಪ್ಪು" ಎಂದಾಗ ಟೀ ಲೋಟ ಹಿಡಿದುಕೊಂಡು ಓಡಿ ಬೈಸಿಕೊಂಡವಳು ತಾನು. ಅಕ್ಕನಲ್ಲ. ಅಕ್ಕನ ಕೈಗೆ ಆ ಮಾತು ಕಿವಿಗಿಂತ ಮೊದಲು ಕೇಳಿಸುತ್ತಿತ್ತು. ಆ ಮಾತು ತಂಗಿಗೆ ಕಲಿಸಿದವಳೇ ಅವಳು.

ತನ್ನ ಅನುಮಾನ ತಪ್ಪೆಂದು ರುಜುವಾಗಲಿ ಎಂದು ಸ್ಟುಡಿಯೋದಮ್ಮ ಮನಸಾರೆ ಬೇಡಿಕೊಂಡಳು. ಕ್ಯಾಮೆರಾವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಅದರ ಕಿಂಡಿಗೆ ಕಣ್ಣಿಟ್ಟು, ಕೈ ಹಿಂದಕ್ಕೆ ಚಾಚಿದಳು.

ಅಕ್ಕ ಆಗ ಭಾವನಿಗೆ, ಸಕ್ಕರೆ ಎರಡೇ ಚಮಚ, ಮೂರನೆಯದಕ್ಕೆ ಕೈ ಹಾಕಬೇಡಿ ಎಂದು ಜೋರು ಮಾಡುತ್ತಿದ್ದಳು.

"ಕಪ್ಪು," ಎಂದಳು ಸ್ಟುಡಿಯೋದಮ್ಮ.

ಅಕ್ಕ ಮಾತು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಅವಳ ಕೈ ಟೀ ತಟ್ಟೆಯನ್ನು ದಾಟಿತು, ಹಸಿರು ಅಂಚಿನ ಕಪ್ಪುಗಳನ್ನು ದಾಟಿತು, ನೀಲಿ ಅಂಚಿನದನ್ನೂ ದಾಟಿತು. ರಟ್ಟನ್ನು ಎತ್ತಿಕೊಂಡು ನೇರವಾಗಿ ಲೆನ್ಸಿನ ಮುಂದೆ, ತಾಗದಂತೆ, ಒಂದು ಬೆರಳಿನಷ್ಟು ಜಾಗ ಬಿಟ್ಟು, ಅಪ್ಪ ಕಲಿಸಿದ ಹಾಗೆಯೇ ಅಡ್ಡ ಹಿಡಿಯಿತು.

ಆಮೇಲೆ ಅಕ್ಕ ತನ್ನ ಕೈ ನೋಡಿದಳು. ಸಕ್ಕರೆಯ ಮಾತು ಅರ್ಧಕ್ಕೆ ನಿಂತಿತು.

ಭಾವ ಮೂರನೆಯ ಚಮಚ ಹಾಕಿಕೊಂಡು ಖುಷಿಯಿಂದ ಕಲಕತೊಡಗಿದರು. ಹಿತ್ತಲಿನಿಂದ ಬಂದ ಗಾಳಿಗೆ ಮೇಜಿನ ಮೇಲಿನ ಬೆಲ್ಟು ಅಲುಗಲಿಲ್ಲ, ಅದರ ದೀಪ ಮಾತ್ರ ಮಿಣುಕುತ್ತಲೇ ಇತ್ತು. ನಾಳೆ ಬೆಳಿಗ್ಗೆ ಭಾವನ ಲೈಸೆನ್ಸು ಉಳಿಯಬೇಕಾದರೆ ಒಂದು ಹೆಸರು ಬೇಕು. ಆ ಹೆಸರು ಈಗ ಅವಳೆದುರು ರಟ್ಟು ಹಿಡಿದುಕೊಂಡು ನಿಂತಿತ್ತು.

"ಅಕ್ಕಾ," ಎಂದಳು ಸ್ಟುಡಿಯೋದಮ್ಮ. "ಅವತ್ತು ನನಗೆ ಟೀ ಕೊಟ್ಟೋರು ಯಾರು?"

ಅಕ್ಕ ಗಂಡನ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಟೀ ಹೀರುತ್ತಿದ್ದರು. ಅವಳು ಬಗ್ಗಿ ತಂಗಿಯ ಕಿವಿಗೆ ಬಾಯಿ ತಂದಳು. ಆ ಮನೆಯಲ್ಲಿ ಪಿಸುಮಾತು ಕೇಳಿಸಿದ್ದು ಅದೇ ಮೊದಲು.

"ನಾಳೆ ಹೆಸರು ಹೇಳಬೇಕಾದ್ರೆ ನನ್ನದೇ ಹೇಳು. ಆದ್ರೆ ನನ್ನ ಜಾಗದಲ್ಲಿ ನಿಂತು ನಿನಗೆ ಟೀ ಕೊಟ್ಟೋರು ಯಾರು, ಆ ನೀಲಿ ಅಂಚಿನ ಕಪ್ಪು ಯಾರ ಮನೇದು ಅಂತ ಮಾತ್ರ ಹುಡುಕಬೇಡ. ಹುಡುಕಿದ್ರೆ ನಿಮ್ಮ ಭಾವನೇ ಮೊದಲು ನನ್ನ ಬಿಟ್ಟು ಹೋಗ್ತಾರೆ."